ಖಾಲಿ ಲಾಯಕ್ಕೆ ಹೊಸ ತಟ್ಟು ತರುವ ಮುನ್ನ

ಸಾಕಿದ ಕುದುರೆಯೋ ತಟ್ಟುವೋ (ಗಿಡ್ಡ ಕುದುರೆ) ಸತ್ತ ವಾರದೊಳಗೇ ದಲ್ಲಾಳಿಗಳ ಫೋನ್ ಶುರುವಾಗುತ್ತದೆ. ಸುದ್ದಿ ಹೇಗೋ ಮುಟ್ಟಿರುತ್ತದೆ. ‘ಅದೇ ಬಣ್ಣ, ಅದೇ ಎತ್ತರ, ಹಣೆ ಮೇಲೆ ಅದೇ ಬಿಳಿ ಚುಕ್ಕೆ ಸ್ವಾಮಿ, ಬಂದು ನೋಡಿ ಸಾಕು’ ಅನ್ನುತ್ತಾರೆ. ಮನೆಯಲ್ಲಿ ಮಗು ಊಟ ಬಿಟ್ಟು ಕೂತಿರುತ್ತದೆ, ಲಾಯದ ಕಡೆ ತಿರುಗಿ ನೋಡಲು ಯಾರಿಗೂ ಮನಸ್ಸಾಗುವುದಿಲ್ಲ. ಇಂಥ ಹೊತ್ತಿನಲ್ಲಿ ನೋಡಲು ಹೋದವರು ಹೆಚ್ಚಾಗಿ ಕೊಂಡೇ ಬರುತ್ತಾರೆ. ಕಾಲು, ಹಲ್ಲು, ಗೊರಸು ಯಾವುದನ್ನೂ ಸರಿಯಾಗಿ ನೋಡಿರುವುದಿಲ್ಲ. ಹಣೆಯ ಚುಕ್ಕೆಯನ್ನು ಮಾತ್ರ ನೋಡಿರುತ್ತಾರೆ.

ಸತ್ತ ಕುದುರೆ ತನಗೆ ಒಗ್ಗಿದ ಲಾಯ, ಮೇವಿನ ಲೆಕ್ಕ, ಜೀನು, ಜೊತೆಗಿದ್ದ ಇನ್ನೊಂದು ಪ್ರಾಣಿ, ಸವಾರನ ಕೈಕಾಲಿನ ರೂಢಿ ಎಲ್ಲವನ್ನೂ ಬಿಟ್ಟು ಹೋಗಿರುತ್ತದೆ. ಹೊಸದು ಬಂದು ನಿಲ್ಲುವುದು ಅದರ ನಡುವೆಯೇ. ಒಂದೊಂದನ್ನೂ ಹೊಸದಾಗಿ ಅಳೆಯದೆ ಇನ್ನೊಂದು ಪ್ರಾಣಿಯನ್ನು ತಂದು ಕಟ್ಟಿದರೆ, ಮೊದಲಿನದನ್ನು ಕೊಂದದ್ದೇ ಇದಕ್ಕೂ ಕಾದು ಕೂತಿರಬಹುದು. ಹಾಗಾಗಿ ಕೊಳ್ಳುವ ಕೆಲಸ ಸಂತೆಯಲ್ಲಿ ಶುರುವಾಗುವುದಿಲ್ಲ, ಸತ್ತ ಕುದುರೆಯ ಹತ್ತಿರವೇ ಶುರುವಾಗುತ್ತದೆ.

ಅದು ಯಾಕೆ ಸತ್ತಿತು ಎಂಬುದು ಖಚಿತವಾಗಿ ಗೊತ್ತಿರಬೇಕು. ‘ಹೊಟ್ಟೆನೋವು ಬಂದು ಹೋಯ್ತು’ ಎನ್ನುವುದು ಕಾರಣವಾಗುವುದಿಲ್ಲ, ಕಣ್ಣಿಗೆ ಕಂಡ ಲಕ್ಷಣ ಅಷ್ಟೇ. ಮರಣೋತ್ತರ ಪರೀಕ್ಷೆ ಮಾಡಿಸುವುದಿದ್ದರೆ ಅದೇ ದಿನ, ಆದಷ್ಟು ಬೇಗ ಆಗಬೇಕು. ನಮ್ಮ ಬಿಸಿಲಿಗೆ ಕೆಲವೇ ಗಂಟೆಗಳಲ್ಲಿ ಕರುಳು ಕೊಳೆಯಲು ಶುರುವಾಗಿ, ರೋಗದ ಗುರುತು ಯಾವುದು, ಸತ್ತ ಮೇಲೆ ಆದ ಬದಲಾವಣೆ ಯಾವುದು ಎಂದು ಹೇಳುವುದು ಕಷ್ಟವಾಗುತ್ತದೆ. ಆ ಹೊತ್ತಿನಲ್ಲಿ ಇದಕ್ಕೆ ಒಪ್ಪಿಗೆ ಕೊಡುವುದು ಸಂಕಟದ ಕೆಲಸ, ನಿಜ. ಆದರೂ ಕೊಡಿ. ಮುಂದಿನ ಪ್ರಾಣಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ನೋವು ತಡೆಯಲಾರದ ಪ್ರಾಣಿಗೆ ವೈದ್ಯರು ಇಂಜೆಕ್ಷನ್ ಕೊಟ್ಟು ಕೊನೆಗಾಣಿಸಿದ್ದರೆ ಹೆಣವನ್ನು ಆಳವಾಗಿ ಹೂಳಲೇಬೇಕು. ಆ ಔಷಧಿ ಮಾಂಸದಲ್ಲಿ ಉಳಿಯುತ್ತದೆ, ತಿಂದ ನಾಯಿ, ಹದ್ದುಗಳೂ ಸಾಯುತ್ತವೆ. ಬಾವಿ, ಬೋರ್‌ವೆಲ್ಲಿನಿಂದ ದೂರದ ಜಾಗ ನೋಡಿ.

ಕಾರಣ ತಿಳಿದ ಮೇಲೆ ಲಾಯದಲ್ಲಿ ಏನು ಬದಲಾಗಬೇಕು ಎಂಬುದೂ ತಾನಾಗಿ ತಿಳಿಯುತ್ತದೆ. ಹೊಟ್ಟೆಶೂಲೆಯಿಂದ ಹೋಗಿದ್ದು ಕರುಳಿನಲ್ಲಿ ಮರಳು ಸಿಕ್ಕಿದ್ದರೆ, ನೆಲದ ಮೇಲೆ ಮೇವು ಹಾಕುವ ರೂಢಿ ನಿಲ್ಲಬೇಕು. ಮರಳು ಮಣ್ಣಿನ ಬಯಲಲ್ಲಿ ಕುದುರೆ ಹುಲ್ಲಿನ ಜೊತೆ ಮರಳನ್ನೂ ನುಂಗುತ್ತದೆ. ನಾಲ್ಕಾರು ಲದ್ದಿ ಉಂಡೆಗಳನ್ನು ಬಕೆಟ್ ನೀರಿನಲ್ಲಿ ಕದಡಿ ಸ್ವಲ್ಪ ಹೊತ್ತು ಬಿಟ್ಟು ಮೇಲಿನದನ್ನು ಬಗ್ಗಿಸಿದರೆ ತಳದಲ್ಲಿ ಎಷ್ಟು ಮರಳಿದೆ ಎಂದು ಕಾಣುತ್ತದೆ. ಲಾಯದಲ್ಲಿ ಬೇರೆ ಕುದುರೆ ಉಳಿದಿದ್ದರೆ ಇಂದೇ ಮಾಡಿ ನೋಡಬಹುದಾದ ಪರೀಕ್ಷೆ ಇದು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಕರುಳಿನ ಉದ್ದಕ್ಕೂ ಸಾಗಿಯೇ ಹೊರಗೆ ಬರಬೇಕು, ಆದ್ದರಿಂದ ಮೇವಿನ ತಪ್ಪಿಗೆ ಅದು ತೆರುವ ಬೆಲೆ ದನಕ್ಕಿಂತ ಬಹಳ ಹೆಚ್ಚು.

ಮೇವಿನ ಡ್ರಮ್ಮುಗಳನ್ನೂ ತೆಗೆದು ನೋಡಿ. ಕೋಳಿ ಮತ್ತು ದನದ ಕೆಲವು ತಯಾರಿ ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆತಿರುತ್ತದೆ. ಅವುಗಳಿಗೆ ಅದು ಒಳ್ಳೆಯದು, ಕುದುರೆಗೆ ಮಾತ್ರ ಸ್ವಲ್ಪವೇ ಸಾಕು, ಹೃದಯದ ಸ್ನಾಯು ಹಾಳಾಗುತ್ತದೆ. ಒಂದೇ ಮೊರದಿಂದ, ಒಂದೇ ಡ್ರಮ್ಮಿನಿಂದ ದನಕ್ಕೂ ಕುದುರೆಗೂ ಹಾಕುವ ಕೊಟ್ಟಿಗೆಗಳಲ್ಲಿ ಈ ಅಪಾಯ ಸದಾ ಇದೆ. ಬೂಷ್ಟು ಹಿಡಿದ ಮೆಕ್ಕೆಜೋಳ ಮಿದುಳಿಗೆ ಕುತ್ತು ತರುತ್ತದೆ. ತೋಟಕ್ಕೆಂದು ತಂದಿಟ್ಟ ಹರಳಿನ ಹಿಂಡಿ ಕುದುರೆಗೆ ವಿಷ. ಬೂಸಾವನ್ನೇ ಮುಖ್ಯ ಆಹಾರ ಮಾಡಿದಲ್ಲಿ ಇನ್ನೊಂದು ತೊಂದರೆ ನಿಧಾನವಾಗಿ ಬೆಳೆಯುತ್ತದೆ. ಬೂಸಾದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಆ ಕೊರತೆಯನ್ನು ತುಂಬಲು ಶರೀರ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆಯುತ್ತದೆ. ಮುಖದ ಮೂಳೆ ಊದುತ್ತದೆ, ಕಾಲು ಅಕಾರಣ ಕುಂಟುತ್ತದೆ, ಹಲ್ಲು ಸಡಿಲವಾಗುತ್ತದೆ. ಸತ್ತ ತಟ್ಟುವಿಗೆ ಹೀಗೇನಾದರೂ ಇತ್ತೇ ಎಂದು ನೆನಪು ಮಾಡಿಕೊಳ್ಳಿ. ಇದ್ದರೆ ಹೊಸದರ ಮೇವಿನಲ್ಲಿ ಬೂಸಾವನ್ನು ಇಳಿಸಿ ಒಣಹುಲ್ಲನ್ನು ಏರಿಸಬೇಕು.

ಧನುರ್ವಾಯುವಿನಿಂದ ಸತ್ತಿದ್ದರೆ ಒಂದು ಮಾತು ಸ್ಪಷ್ಟವಾಗಿರಲಿ. ಅದರ ಬೀಜಾಣುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ, ಯಾವ ಫಿನಾಯಿಲಿಗೂ ಪೂರ್ತಿ ಹೋಗುವುದಿಲ್ಲ. ಲಾಯ ತೊಳೆಯುವುದರಿಂದ ಹೊಸ ಕುದುರೆ ಉಳಿಯದು, ಲಸಿಕೆಯಿಂದ ಉಳಿಯುತ್ತದೆ. 4ರಿಂದ 6 ವಾರಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ವೈದ್ಯರು ಹೇಳಿದಂತೆ ಬೂಸ್ಟರ್. ಸಾಧ್ಯವಾದರೆ ಮೊದಲ ಡೋಸನ್ನು ಮಾರುವವರ ಹತ್ತಿರ ಇರುವಾಗಲೇ ಹಾಕಿಸಿ. ರೇಬೀಸ್ ಲಸಿಕೆಯನ್ನೂ ಮರೆಯಬೇಡಿ. ಬೀದಿನಾಯಿ ಕಚ್ಚಿದ ಕುದುರೆ ರೇಬೀಸ್‌ನಿಂದ ಸಾಯುವುದು ನಮ್ಮಲ್ಲಿ ಅಪರೂಪದ ಮಾತಲ್ಲ.

ಸಾಂಕ್ರಾಮಿಕದ ಮಾತೇ ಬೇರೆ. ಗ್ಲ್ಯಾಂಡರ್ಸ್ ಮನುಷ್ಯರಿಗೂ ಹರಡಿ ಪ್ರಾಣ ತೆಗೆಯಬಲ್ಲ ರೋಗ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕುರಿತ 2009ರ ಕೇಂದ್ರ ಕಾಯ್ದೆಯ ಪ್ರಕಾರ ಅದನ್ನು ವರದಿ ಮಾಡಲೇಬೇಕು, ರೋಗ ಖಚಿತವಾದ ಕುದುರೆಯನ್ನು ಉಳಿಸಿಕೊಳ್ಳುವಂತಿಲ್ಲ. ಮೂಗಿನಿಂದ ಅಂಟಂಟಾದ ಸಿಂಬಳ, ಮೂಗಿನೊಳಗೆ ಹುಣ್ಣು, ಕಾಲಿನ ಚರ್ಮದಲ್ಲಿ ಸಾಲಾಗಿ ಗಂಟು ಎದ್ದು ಒಡೆಯುವುದು ಇವು ಕಂಡಿದ್ದರೆ ಇಲಾಖೆಯ ವೈದ್ಯರು ಹೇಳುವವರೆಗೆ ಆ ಲಾಯಕ್ಕೆ ಇನ್ನೊಂದು ಕುದುರೆ ಕಾಲಿಡಬಾರದು. ಉಳಿದ ಸೋಂಕುಗಳಿಗೆ ತೊಳೆಯುವ ಕ್ರಮ ಮುಖ್ಯ. ಮೊದಲು ಹಾಸನ್ನೆಲ್ಲ ಹೊರಹಾಕಿ ಸುಡಬೇಕು. ಗೋಡೆ, ಗೋದಲಿ ಕೆರೆದು ಸೋಪು ನೀರಿನಲ್ಲಿ ಉಜ್ಜಿ ಒಣಗಿಸಬೇಕು. ಸೋಂಕುನಾಶಕ ಹಾಕುವುದು ಅದಾದ ಮೇಲೆ. ಲದ್ದಿ ಮೆತ್ತಿದ ಗೋಡೆಗೆ ಎಷ್ಟು ಬ್ಲೀಚ್ ಸುರಿದರೂ ಲದ್ದಿಯೇ ಅದನ್ನು ಹೀರಿ ನಿಷ್ಫಲ ಮಾಡುತ್ತದೆ. ಬಕೆಟ್ಟು, ಬ್ರಷ್ಷು, ಹಗ್ಗ, ಕಂಬಳಿ ಎಲ್ಲಕ್ಕೂ ಇದೇ ಮಾತು. ಮರದ ಹಿಡಿಯ ಬ್ರಷ್ಷುಗಳನ್ನು ಎಸೆಯುವುದೇ ಲೇಸು. ಅದು ಸತ್ತ ಕುದುರೆಯ ಬ್ರಷ್ಷು ಎಂದು ಇಟ್ಟುಕೊಳ್ಳುವ ಆಸೆಯಾದರೆ ಮನೆಯೊಳಗೆ ಇಟ್ಟುಕೊಳ್ಳಿ, ಲಾಯಕ್ಕೆ ಬೇಡ.

ಎರಡು ಇದ್ದಲ್ಲಿ ಒಂದು ಹೋದಾಗ ಎಲ್ಲರ ಗಮನ ಸತ್ತದ್ದರ ಮೇಲಿರುತ್ತದೆ. ಆದರೆ ತುರ್ತು ಇರುವುದು ಉಳಿದದ್ದರ ಹತ್ತಿರ. ಜೊತೆ ಕಳೆದುಕೊಂಡ ತಟ್ಟು ಬೇಲಿಯುದ್ದಕ್ಕೂ ಓಡಾಡುತ್ತದೆ, ಕೆನೆದು ಕೆನೆದು ದನಿ ಸೋಲುತ್ತದೆ, ಮೇವು ಬಿಡುತ್ತದೆ. ದೇಹವನ್ನು ಸಾಗಿಸುವ ಮೊದಲು ಅದಕ್ಕೆ ನೋಡಲು, ಮೂಸಲು ಬಿಟ್ಟರೆ ಕೆಲವು ಬೇಗ ಶಾಂತವಾಗುತ್ತವೆ (ಸಾಂಕ್ರಾಮಿಕದ ಅನುಮಾನವಿದ್ದರೆ ಮಾತ್ರ ಬೇಡ). ಮೇವು ಬಿಟ್ಟದ್ದನ್ನು ‘ದುಃಖ, ಎರಡು ದಿನದಲ್ಲಿ ಸರಿಹೋಗುತ್ತೆ’ ಎಂದು ಬಿಡಬಾರದು. ಮೈತುಂಬಿದ ತಟ್ಟುಗಳು, ಗಬ್ಬದ ಹೆಣ್ಣುಗಳು, ಕತ್ತೆಗಳು ಒಂದೆರಡು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬು ಕರಗಿ ರಕ್ತಕ್ಕೆ ನುಗ್ಗಿ ಯಕೃತ್ತು ಸೋಲುತ್ತದೆ, ಹೈಪರ್‌ಲಿಪೀಮಿಯ ಎನ್ನುತ್ತಾರೆ. ಆ ಹಂತ ಮುಟ್ಟಿದರೆ ಉಳಿಸುವುದು ಕಷ್ಟ. ಒಂದಿಡೀ ದಿನ ಏನೂ ತಿನ್ನದಿದ್ದರೆ ವೈದ್ಯರನ್ನು ಕರೆಸಿ. ಹಸಿ ಗರಿಕೆ, ಕ್ಯಾರೆಟ್, ನೆನೆಸಿದ ಹುರುಳಿ, ಏನು ಮುಟ್ಟುತ್ತದೋ ಅದನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ. ಜೊತೆಗೆ ಆಡನ್ನೋ ಕತ್ತೆಯನ್ನೋ ಕಟ್ಟುವುದು ಹಳೆಯ ಉಪಾಯ, ಇವತ್ತಿಗೂ ಫಲ ಕೊಡುತ್ತದೆ. ಇದರಿಂದ ನಿಮಗೂ ಸಮಯ ಸಿಗುತ್ತದೆ. ಉಳಿದ ಕುದುರೆಯ ಒಂಟಿತನಕ್ಕೆ ಹೆದರಿ ಸಿಕ್ಕಿದ್ದನ್ನು ಕೊಂಡವರ ಪಾಡು ಬೇಡ.

ಎಷ್ಟು ದಿನ ಕಾಯಬೇಕು ಎಂದು ಬಹಳ ಜನ ಕೇಳುತ್ತಾರೆ. ದಿನ ಲೆಕ್ಕ ಹೇಳುವವರನ್ನು ನಂಬಬೇಡಿ. ಕಾರಣ ತಿಳಿದು, ಲಾಯ ಶುದ್ಧವಾಗಿ, ಬೇಕಾದದ್ದನ್ನು ಕಾಗದದ ಮೇಲೆ ಬರೆಯುವ ಸಮಾಧಾನ ಬಂದರೆ ಹೊರಡಬಹುದು. ಆ ಕಾಗದದಲ್ಲಿ ಹಳೆಯ ತಟ್ಟು ಕೇಳದೆಯೇ ಮಾಡುತ್ತಿದ್ದ ಕೆಲಸಗಳನ್ನೂ ಬರೆಯಿರಿ. ಲಗಾಮು ಸಡಿಲ ಬಿಟ್ಟರೂ ದಾರಿ ತಪ್ಪುತ್ತಿರಲಿಲ್ಲ, ಮಗು ಜಾರಿದರೆ ನಿಲ್ಲುತ್ತಿತ್ತು, ಲಾಳ ಹೊಡೆಯುವವರಿಗೆ ತಾನೇ ಕಾಲು ಎತ್ತಿ ಕೊಡುತ್ತಿತ್ತು. ಅವು ವರ್ಷಗಳ ಒಡನಾಟದಲ್ಲಿ ಬಂದದ್ದು. ಯಾವ ಹೊಸ ಕುದುರೆಯೂ ಮೊದಲ ತಿಂಗಳು ಅವನ್ನು ಕೊಡುವುದಿಲ್ಲ. ಈ ಪಟ್ಟಿ ಕಣ್ಣೆದುರು ಇದ್ದರೆ ಇಲ್ಲದ ಗುಣಕ್ಕಾಗಿ ಹೊಸ ಪ್ರಾಣಿಯನ್ನು ಬೈಯುವುದು ತಪ್ಪುತ್ತದೆ. ಹಾಗೆಯೇ, ಅದೊಂದರ ಬೆನ್ನೇರಿಯೇ ಸವಾರಿ ಕಲಿತವರಿಗೆ ಆ ಒಂದು ಬೆನ್ನಿನ ಲಯ ಮಾತ್ರ ಗೊತ್ತಿರುತ್ತದೆ. ಕೊಳ್ಳುವ ಮೊದಲು ಯಾವುದಾದರೂ ಸವಾರಿ ಶಾಲೆಯಲ್ಲಿ ಬೇರೆ ಬೇರೆ ಕುದುರೆಗಳ ಮೇಲೆ ಕೆಲವು ಪಾಠ ಆಗಲಿ. ತಮಗೆ ನಿಜಕ್ಕೂ ಎಷ್ಟು ಬರುತ್ತದೆ ಎಂಬುದು ಅಲ್ಲಿ ತಿಳಿಯುತ್ತದೆ.

ಅಳತೆಯ ವಿಷಯ. ಭುಜದ ದಿಣ್ಣೆಯ (ಕುತ್ತಿಗೆ ಬೆನ್ನಿಗೆ ಸೇರುವಲ್ಲಿನ ಉಬ್ಬು) ಎತ್ತರ 14.2 ಹ್ಯಾಂಡ್ (4 ಅಂಗುಲಕ್ಕೆ ಒಂದು ಹ್ಯಾಂಡ್; ಇದು 14 ಹ್ಯಾಂಡ್, 2 ಅಂಗುಲ), ಅಂದರೆ 58 ಅಂಗುಲ, ಸುಮಾರು 147 ಸೆಂಟಿಮೀಟರ್ ಮೀರದ್ದನ್ನು ತಟ್ಟು ಎನ್ನುವುದು ರೂಢಿ. ಆದರೆ ಎತ್ತರಕ್ಕಿಂತ ತೂಕ ಮುಖ್ಯ. ಮುಂಗಾಲ ಸಂದಿಯ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದ ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋದಲ್ಲಿ ತೂಕ ಸಿಗುತ್ತದೆ. ಸುತ್ತಳತೆ 140, ಉದ್ದ 120 ಇದ್ದರೆ 198 ಕಿಲೋ. ಸವಾರ, ಜೀನು ಎಲ್ಲ ಸೇರಿ ತೂಕದ ಐದನೇ ಒಂದು ಭಾಗ ಮೀರಬಾರದು ಎಂಬ ಲೆಕ್ಕ ಹಿಡಿದರೆ ಇಂಥ ತಟ್ಟು 40 ಕಿಲೋ ಹೊರಬಹುದು. ಜೀನು 5–6 ಕಿಲೋ ತೆಗೆದರೆ 34 ಕಿಲೋ ಮಗು. ಹಳೆಯದನ್ನು ಕೊಂಡಾಗ ಮಗುವಿಗೆ 7 ವರ್ಷವಿದ್ದು ಈಗ 12 ಆಗಿದ್ದರೆ, ‘ಅದೇ ಎತ್ತರದ್ದು’ ಹುಡುಕುವುದರಲ್ಲಿ ಅರ್ಥವೇ ಇಲ್ಲ. ಇದೇ ತೂಕದ ಲೆಕ್ಕ ಜಂತುಹುಳದ ಮದ್ದಿಗೂ ಬೇಕು. ಕಣ್ಣಂದಾಜಿನಲ್ಲಿ ಕಡಿಮೆ ಕೊಟ್ಟರೆ ಹುಳು ಸಾಯುವುದಿಲ್ಲ, ಮದ್ದಿಗೆ ಒಗ್ಗಿಕೊಳ್ಳುತ್ತದೆ.

ವಯಸ್ಸಿನ ಬಗ್ಗೆ ನಮ್ಮ ಅಭಿಪ್ರಾಯ ಗಟ್ಟಿ: ಕಲಿಯುವ ಸವಾರನಿಗೆ 8ರಿಂದ 15 ವರ್ಷದೊಳಗಿನ, ಕೆಲಸ ಮಾಡಿ ಗೊತ್ತಿರುವ ತಟ್ಟುವೇ ಸರಿ. ‘ಮರಿ ತಂದರೆ ಮಗುವಿನ ಜೊತೆಗೇ ಬೆಳೆಯುತ್ತೆ, ಬೇಗ ಕಳೆದುಕೊಳ್ಳೋದೂ ಬೇಡ’ ಎಂಬ ಮಾತು ದುಃಖದಿಂದ ಬರುತ್ತದೆ, ಅರ್ಥವಾಗುತ್ತದೆ. ಆದರೆ ಕಲಿಯದ ಕುದುರೆ ಮೇಲೆ ಕಲಿಯದ ಮಗು ಕೂತರೆ ಕೈಮೂಳೆ ಮುರಿಯುತ್ತದೆ. ಬೀಜ ಒಡೆಸಿದ ಗಂಡು ಅಥವಾ ಶಾಂತ ಹೆಣ್ಣು ಮನೆಗೆ ಸಾಕು, ಬೀಜದ ಗಂಡು ಬೇಡವೇ ಬೇಡ.

ಎಲ್ಲಿ ಹುಡುಕುವುದು? ನಮ್ಮ ಗಡಿಯಾಚೆ ತಮಿಳುನಾಡಿನ ಈರೋಡ್ ಜಿಲ್ಲೆಯ ಅಂದಿಯೂರಿನಲ್ಲಿ ಆಡಿ ತಿಂಗಳ ಗುರುನಾಥಸ್ವಾಮಿ ಜಾತ್ರೆಗೆ ಕುದುರೆಗಳು ಸೇರುತ್ತವೆ. ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ಸಾರಂಗಖೇಡದಲ್ಲಿ ದತ್ತಜಯಂತಿಗೆ ದೊಡ್ಡ ಸಂತೆ. ಅಲ್ಲಿ ಹೆಚ್ಚಾಗಿ ಕಾಣುವುದು ಕಾಠಿಯಾವಾಡಿ, ಮಾರ್ವಾಡಿ ತಳಿ ಅಥವಾ ಅವುಗಳ ಬೆರಕೆ, ನೋಡಲು ಚಂದ, ಮಗು ಏರಲು ಅವುಗಳ ಸ್ವಭಾವದ ಬಿಸಿ ಹೆಚ್ಚು. ದಖನ್ನಿನ ಸ್ವಂತ ತಟ್ಟು ಬೇಕೆಂದರೆ ಭೀಮಾ ತೀರದ ಭೀಮಥಡಿ ಇದೆ. ಪುಣೆ, ಸತಾರ, ಸೊಲ್ಲಾಪುರ ಕಡೆಯ ಧನಗರರು ಕುರಿ ಹಿಂಡಿನ ಜೊತೆ ಗುಳೆ ಹೋಗುವಾಗ ಸಾಮಾನು, ಎಳೆಮರಿ ಹೊರಿಸುವ ಕುದುರೆ ಅದು. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾರರ ಹಿಂಡಿನ ಜೊತೆ ನಡೆಯುವ ತಟ್ಟುಗಳೂ ಇದೇ ಬಗೆಯ ಬದುಕಿನವು. ಗಟ್ಟಿ ಗೊರಸು, ಕಡಿಮೆ ಮೇವು, ಮೋಟಾರು ಸದ್ದಿಗೂ ನಾಯಿಗೂ ಹೆದರದ ಬುದ್ಧಿ. ಬರುವ ತೊಂದರೆ ಒಂದೇ, ಬಡ ಮೇವಿನಲ್ಲಿ ಬೆಳೆದದ್ದಕ್ಕೆ ಮನೆಗೆ ತಂದು ಹುರುಳಿ, ಬೆಲ್ಲ ಸುರಿದರೆ ಆರು ತಿಂಗಳಲ್ಲಿ ಕೊಬ್ಬಿ ಲ್ಯಾಮಿನೈಟಿಸ್ (ಗೊರಸಿನೊಳಗಿನ ಉರಿಯೂತ) ಹಿಡಿಯುತ್ತದೆ. ಸಂತೆಗಿಂತ ಮನೆಗೆ ಹೋಗಿ ಕೊಳ್ಳುವುದು ಒಳ್ಳೆಯದು. ಸಂತೆಯಲ್ಲಿ ಟವೆಲ್ಲಿನಡಿ ಬೆರಳು ಹಿಡಿದು ಕ್ಷಣದಲ್ಲಿ ವ್ಯಾಪಾರ ಮುಗಿಯುತ್ತದೆ, ನಿಧಾನವಾಗಿ ನೋಡಲು ಯಾರೂ ಬಿಡುವುದಿಲ್ಲ. ಊರೂರಿನ ಕುದುರೆ ಒಂದೇ ತೊಟ್ಟಿಯಲ್ಲಿ ನೀರು ಕುಡಿಯುವ ಜಾಗದಲ್ಲಿ ಸೋಂಕೂ ಹೆಚ್ಚು.

ಮೊದಲ ಸಲ ಮಗುವನ್ನು ಕರೆದೊಯ್ಯಬೇಡಿ. ಹೇಳಿದ ಸಮಯಕ್ಕಿಂತ ಅರ್ಧ ಗಂಟೆ ಮುಂಚೆ ಹೋಗಿ. ಜೀನು ಹಾಕುವ ಜಾಗದಲ್ಲಿ ಬೆನ್ನು ಬೆಚ್ಚಗೆ ಒದ್ದೆಯಾಗಿದ್ದರೆ ನೀವು ಬರುವ ಮೊದಲೇ ಓಡಿಸಿ ದಣಿಸಿದ್ದಾರೆ ಎಂದರ್ಥ. ತಲೆ ಜೋತು, ಕೆಳದುಟಿ ಸಡಿಲ ಬಿದ್ದು, ಗಂಡಾದರೆ ಲಿಂಗ ಹೊರಬಿದ್ದು ನಿಂತಿದ್ದರೆ ಮಂಪರಿನ ಮದ್ದಿನ ಅನುಮಾನ ಪಡಿ. ಬಯಲಿನಿಂದ ಹಿಡಿದು ತರುವುದನ್ನು, ಜೀನು ಹಾಕುವುದನ್ನು ಕಣ್ಣಾರೆ ನೋಡಿ. ಗೋದಲಿಯ ಅಂಚು ಕಚ್ಚಿ ಸವೆದಿದೆಯೇ ಎಂದೂ ನೋಡಿ. ಮೇಲಿನ ಮುಂಹಲ್ಲಿನ ಅಂಚೂ ಹಾಗೆಯೇ ಸವೆದಿದ್ದರೆ ಅದು ಕಟ್ಟೆ ಕಚ್ಚಿ ಗಾಳಿ ಎಳೆಯುವ ಚಟ, ಬಿಡಿಸುವುದು ಕಷ್ಟ.

ಹಲ್ಲು ನೋಡುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪಕ್ಕದಲ್ಲಿ ನಿಂತು, ಒಂದು ಕೈಯಲ್ಲಿ ತಲೆಪಟ್ಟಿ ಹಿಡಿದು, ಇನ್ನೊಂದರಲ್ಲಿ ತುಟಿ ಬಿಡಿಸಿ. ಮುಂದಿನ ಹಾಲುಹಲ್ಲು ಬಿದ್ದು ನಡುವಿನ ಜೋಡಿ ಎರಡೂವರೆ ವರ್ಷಕ್ಕೆ, ಪಕ್ಕದವು ಮೂರೂವರೆಗೆ, ಮೂಲೆಯವು ನಾಲ್ಕೂವರೆಗೆ ಬರುತ್ತವೆ. ಐದಕ್ಕೆ ಬಾಯಿ ತುಂಬುತ್ತದೆ. ಆಮೇಲೆ ಕೆಳಗಿನ ಹಲ್ಲಿನ ತಲೆಯಲ್ಲಿರುವ ಕಪ್ಪು ಕುಳಿ ಸವೆಯುತ್ತ ಬಂದು, ನಡುವಿನವು ಸುಮಾರು ಆರಕ್ಕೆ, ಪಕ್ಕದವು ಏಳಕ್ಕೆ, ಮೂಲೆಯವು ಎಂಟಕ್ಕೆ ನುಣುಪಾಗುತ್ತವೆ. ಹತ್ತು ದಾಟಿತೇ ಎಂದು ತಿಳಿಯಲು ಮೇಲಿನ ಮೂಲೆಹಲ್ಲಿನ ಹೊರಮೈ ನೋಡಿ. ಒಸಡಿನ ಅಂಚಿನಲ್ಲಿ ಉದ್ದಕ್ಕೆ ಒಂದು ಕಂದು ಗೀರು ಇಣುಕುತ್ತದೆ. ಅದು ಹಲ್ಲಿನ ಅರ್ಧಕ್ಕಿಳಿದರೆ 15ರ ಆಸುಪಾಸು, ತುದಿ ಮುಟ್ಟಿದರೆ 20. ಪಕ್ಕದಿಂದ ನೋಡಿದಾಗ ಎಳೆಯದರ ಹಲ್ಲುಗಳು ನೆಟ್ಟಗೆ ಕೂಡುತ್ತವೆ, ಮುದಿಯದರವು ಮುಂದಕ್ಕೆ ಚಾಚಿ ಕೂಡುತ್ತವೆ. ಕುಳಿ ಕೊರೆದು ಕಪ್ಪು ತುಂಬಿ ವಯಸ್ಸು ಇಳಿಸುವ ಕೈಚಳಕವೂ ಉಂಟು. ಆದರೆ ಹಲ್ಲಿನ ಕೋನವನ್ನು, ಆ ಗೀರನ್ನು ಬದಲಿಸಲು ಬರುವುದಿಲ್ಲ. ಹತ್ತರ ನಂತರ ಒಂದೆರಡು ವರ್ಷ ಹೆಚ್ಚುಕಡಿಮೆ ಇದ್ದದ್ದೇ. ‘ಬರೀ ಏಳು ವರ್ಷ’ ಎಂದು ಹೇಳಿದ್ದಕ್ಕೆ ಗೀರು ಅರ್ಧ ಇಳಿದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಗೊರಸು ಒಂದು ವರ್ಷದ ದಾಖಲೆ. ಕೂದಲ ಅಂಚಿನಿಂದ ನೆಲದವರೆಗೆ ಬೆಳೆದು ಬರಲು ಅದಕ್ಕೆ 9ರಿಂದ 12 ತಿಂಗಳು ಬೇಕು. ಅಡ್ಡ ಬಳೆಗಳು ಮುಂದಿನಿಂದ ಹಿಂದಿನವರೆಗೆ ಒಂದೇ ಅಂತರದಲ್ಲಿದ್ದರೆ ಮೇವು ಬದಲಾದ ಗುರುತು, ಚಿಂತೆಯಿಲ್ಲ. ಮುಂದೆ ಒತ್ತಾಗಿ ಹಿಮ್ಮಡಿ ಕಡೆ ಬೀಸಣಿಗೆಯಂತೆ ಅಗಲವಾಗಿದ್ದರೆ ಲ್ಯಾಮಿನೈಟಿಸ್ ಬಂದು ಹೋಗಿದೆ. ಕುತ್ತಿಗೆಯ ಮೇಲಂಚು ಗಟ್ಟಿ ಕೊಬ್ಬಿನಿಂದ ದಪ್ಪಗಿದ್ದರೆ ಮತ್ತೆ ಬರುವ ಸಂಭವ ಜಾಸ್ತಿ. ಹಳೆಯ ತಟ್ಟು ಇದೇ ರೋಗದಿಂದ ನರಳಿ ಹೋಗಿದ್ದರೆ, ಎಷ್ಟೇ ಮುದ್ದಾಗಿದ್ದರೂ ಇಂಥದ್ದನ್ನು ತರಬೇಡಿ. ಎರಡನೇ ಸಲ ಅದೇ ನೋವು ನೋಡುವ ಶಕ್ತಿ ಮನೆಯಲ್ಲಿ ಯಾರಿಗೂ ಇರುವುದಿಲ್ಲ.

ಕುಂಟು ನೋಡಲು ಗಟ್ಟಿ ನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು ನೇರವಾಗಿ ಟ್ರಾಟ್ (ನಡಿಗೆಗಿಂತ ಚುರುಕಾದ, ಒಂದೇ ಲಯದ ಓಟ) ಓಡಿಸಿ. ತಲೆ ಒಂದೇ ಸಮ ಇರಬೇಕು. ನೋವಿರುವ ಮುಂಗಾಲು ನೆಲಕ್ಕೆ ತಾಗಿದಾಗ ತಲೆ ಮೇಲಕ್ಕೆ ಹೋಗುತ್ತದೆ, ಒಳ್ಳೆಯ ಕಾಲು ತಾಗಿದಾಗ ತಗ್ಗುತ್ತದೆ. ಹೊಸಬರು ತಲೆ ತಗ್ಗಿದ ಕಡೆಯ ಕಾಲನ್ನೇ ಕುಂಟು ಎಂದುಕೊಳ್ಳುವುದು ಇದಕ್ಕೇ. ಹಗ್ಗವನ್ನು ಬಿಗಿಯಾಗಿ ಗಲ್ಲದ ಹತ್ತಿರ ಹಿಡಿದು ಓಡಿಸಿ ತೋರಿಸಿದರೆ ತಲೆಯಾಟ ಮುಚ್ಚಿಹೋಗುತ್ತದೆ. ಸಡಿಲ ಬಿಡಿ ಎಂದು ಕೇಳಲು ನಾಚಬೇಡಿ. ಆಮೇಲೆ ಎರಡೂ ಕಡೆಗೆ ಸಣ್ಣ ಸುತ್ತು ಹಾಕಿಸಿ. ಸವಾರಿಯಲ್ಲಿ ಮೊದಲು ಮಾರುವವರು ಏರಲಿ, ನಂತರ ನಿಮ್ಮ ಕಡೆಯ ಅನುಭವಿ, ಇನ್ನೊಂದು ದಿನ ಹೆಲ್ಮೆಟ್ ಹಾಕಿದ ಮಗು. ರಸ್ತೆಗೆ ಕರೆದೊಯ್ದು ಆಟೋ ಹಾರ್ನಿಗೆ, ಹಾರುವ ಪ್ಲಾಸ್ಟಿಕ್ಕಿಗೆ, ನೀರಿನ ಗುಂಡಿಗೆ ಏನು ಮಾಡುತ್ತದೆ ನೋಡಿ.

ಸುಳಿಯ ಮಾತು ಬಂದೇ ಬರುತ್ತದೆ. ಯಾವ ಸುಳಿ ಎಲ್ಲಿದ್ದರೆ ಒಡೆಯನಿಗೆ ಕೇಡು ಎಂದು ಹೇಳುವವರು ಪ್ರತಿ ಸಂತೆಯಲ್ಲೂ ಇದ್ದಾರೆ. ಸುಳಿಗೂ ಕಾಲಿನ ಆರೋಗ್ಯಕ್ಕೂ ಸಂಬಂಧವಿಲ್ಲ. ಸಂಬಂಧವಿರುವುದು ಬೆಲೆಗೆ. ‘ಕೆಟ್ಟ ಸುಳಿ’ ಇರುವ ಎಷ್ಟೋ ಚಿನ್ನದಂಥ ತಟ್ಟುಗಳು ಅಗ್ಗಕ್ಕೆ ಸಿಗುತ್ತವೆ. ಮನೆಯಲ್ಲಿ ಈಗಾಗಲೇ ಒಂದು ಸಾವು ಆಗಿರುವುದರಿಂದ ಹಿರಿಯರು ಅಂಜುತ್ತಾರೆ. ಅವರ ಜೊತೆ ಮೊದಲೇ ಮಾತಾಡಿ ಒಪ್ಪಿಸಿಕೊಳ್ಳಿ. ತಂದ ಮೇಲೆ ಕಾಯಿಲೆ ಬಿದ್ದರೆ ದೂರು ಕುದುರೆಯ ಹಣೆಗೆ ಹೋಗುತ್ತದೆ.

ಮನಸ್ಸಿಗೆ ಬಂದ ಮೇಲೆ ನಿಮ್ಮದೇ ಪಶುವೈದ್ಯರನ್ನು ಕರೆದೊಯ್ಯಿರಿ, ಮಾರುವವರು ತೋರಿಸಿದವರನ್ನಲ್ಲ. ನಿಂತಾಗ ಪರೀಕ್ಷೆ, ಕೈಯಲ್ಲಿ ಹಿಡಿದು ನಡೆಸಿ ಓಡಿಸಿ ಪರೀಕ್ಷೆ, ದುಡಿಸಿದ ಕೂಡಲೇ ಹೃದಯ ಶ್ವಾಸಗಳ ಪರೀಕ್ಷೆ, ವಿಶ್ರಾಂತಿ ಕೊಟ್ಟು ನೋಡುವುದು, ಕೊನೆಗೆ ಮತ್ತೆ ಓಡಿಸುವುದು ಎಂಬ ಐದು ಹಂತ ಬ್ರಿಟನ್ನಿನಲ್ಲಿ ರೂಢಿಯಲ್ಲಿದೆ, ಒಳ್ಳೆಯ ಕ್ರಮ. ವಿಶ್ರಾಂತಿಯ ನಂತರದ ಓಟದಲ್ಲಿ ಬಿಗಿತ, ಕುಂಟು ಹೊರಬೀಳುವುದುಂಟು. ಅದೇ ದಿನ ರಕ್ತ ತೆಗೆಸಿ. ಫಿನೈಲ್‌ಬ್ಯುಟಜೋನ್‌ನಂಥ ನೋವಿನ ಮದ್ದು ಕೊಟ್ಟು ಕುಂಟು ಮರೆಸಿದ್ದರೆ ರಕ್ತದಲ್ಲಿ ಸಿಗುತ್ತದೆ. ಗ್ಲ್ಯಾಂಡರ್ಸ್, ಕುದುರೆಯ ಸಾಂಕ್ರಾಮಿಕ ರಕ್ತಹೀನತೆ, ಸರ್ರಾ ಮೂರಕ್ಕೂ ಪರೀಕ್ಷೆ ಆಗಲೇಬೇಕು. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಈ ರೋಗಗಳ ಪರೀಕ್ಷೆ ಮಾಡುತ್ತದೆ, ಮಾದರಿ ಕಳಿಸುವ ದಾರಿ ನಿಮ್ಮ ವೈದ್ಯರಿಗೆ ಗೊತ್ತಿರುತ್ತದೆ. ಸರ್ರಾ ಮೋಸದ ರೋಗ. ಕಚ್ಚುವ ದೊಡ್ಡ ನೊಣಗಳಿಂದ ಹರಡುತ್ತದೆ, ಜ್ವರ ಬಂದು ಬಂದು ಹೋಗುತ್ತದೆ, ಮೇವು ತಿಂದರೂ ಮೈ ಇಳಿಯುತ್ತದೆ, ಹೊಟ್ಟೆಯಡಿ ಮತ್ತು ಕಾಲಲ್ಲಿ ಬಾವು ನಿಲ್ಲುತ್ತದೆ. ‘ಬಡವಾಗಿದೆ ಅಷ್ಟೆ, ಒಳ್ಳೆ ಮೇವು ಹಾಕಿದರೆ ತುಂಬಿಕೊಳ್ಳುತ್ತೆ’ ಎಂದು ಮಾರುವ ಕುದುರೆಗಳಲ್ಲಿ ಇದನ್ನು ಮೊದಲು ಹುಡುಕಬೇಕು. ಹಣ ಪೂರ್ತಿ ಕೊಡುವುದು ಫಲಿತಾಂಶ ಬಂದ ಮೇಲೆ. ಎರಡು ವಾರ ಇಟ್ಟು ನೋಡುವ ಒಪ್ಪಂದಕ್ಕೆ ಮಾರುವವರು ಒಪ್ಪಿದರೆ ಬರವಣಿಗೆಯಲ್ಲಿ ಇರಲಿ: ಬಣ್ಣ, ಗುರುತು, ಎರಡೂ ಮಗ್ಗುಲಿನ ಫೋಟೋ, ಆ ದಿನಗಳಲ್ಲಿ ಕಾಯಿಲೆಯಾದರೆ ಖರ್ಚು ಯಾರದು ಎಂಬುದು.

ಹಳೆಯ ಜೀನನ್ನು ಹೊಸ ಬೆನ್ನಿಗೆ ಹಾಕುವ ಮುನ್ನ ಬರೀ ಬೆನ್ನಿನ ಮೇಲೆ, ಕೆಳಗೆ ಬಟ್ಟೆಯಿಲ್ಲದೆ ಇಟ್ಟು ನೋಡಿ. ಸವಾರ ಕೂತ ಮೇಲೂ ಭುಜದ ದಿಣ್ಣೆಗೂ ಜೀನಿನ ಕಮಾನಿಗೂ ನಡುವೆ ಎರಡು ಮೂರು ಬೆರಳು ಹೋಗಬೇಕು. ಬೆನ್ನೆಲುಬಿನುದ್ದಕ್ಕೂ ಬೆಳಕು ಕಾಣಬೇಕು. ಜೀನಿನ ಹಿಂದುದಿ ಕೊನೆಯ ಪಕ್ಕೆಲುಬನ್ನು ದಾಟಬಾರದು. ಸವಾರಿ ಮುಗಿಸಿ ತೆಗೆದಾಗ ಬೆವರು ಸಮನಾಗಿರಬೇಕು. ನಡುವೆ ಒಣ ಮಚ್ಚೆ ಉಳಿದಿದ್ದರೆ ಅಲ್ಲಿ ಒತ್ತುತ್ತಿದೆ. ದಪ್ಪ ಕಂಬಳಿ ತುರುಕಿ ಸರಿಮಾಡುವುದು ಬಿಗಿ ಶೂಗೆ ಇನ್ನೊಂದು ಕಾಲುಚೀಲ ಹಾಕಿದಂತೆ, ಒತ್ತಡ ಹೆಚ್ಚುತ್ತದೆ. ಕಡಿವಾಣದ ಅಗಲ ಬಾಯಿಯ ಎರಡೂ ಕಡೆ ಅರ್ಧ ಸೆಂಟಿಮೀಟರ್ ಹೊರಗಿರಬೇಕು. ಕೊಂಡ ಕುದುರೆಯ ಜೊತೆ ಮುಳ್ಳಿನ ಕಡಿವಾಣ ಬಂದರೆ ಎಸೆದುಬಿಡಿ. ಭಾರ ಎಳೆಯುವ, ಹೊರುವ ಪ್ರಾಣಿಗಳ 1965ರ ನಿಯಮಗಳು ಅದನ್ನು ನಿಷೇಧಿಸಿವೆ. ಬಾಯೊಳಗಿನ ಹಳೆಯ ಗಾಯ ಮಾಯುವವರೆಗೆ ಬಾಯಿಗೆ ಏನನ್ನೂ ಹಾಕಬೇಡಿ.

ತಂದ ಮೇಲೆ 21 ದಿನ ಬೇರೆ ಕಟ್ಟಿ. ಬೇರೆ ಬಕೆಟ್ಟು, ಬೇರೆ ಬ್ರಷ್ಷು, ಸಾಧ್ಯವಾದರೆ ಬೇರೆ ಆಳು. ಇಲ್ಲದಿದ್ದರೆ ಹೊಸದರ ಕೆಲಸ ಕೊನೆಗೆ ಮಾಡಿ. ದಿನಕ್ಕೆರಡು ಸಲ ಜ್ವರ ನೋಡಿ ಬರೆದಿಡಿ. 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ. ಗಂಟಲಡಿ ಗಂಟು ಊದಿ ಕೀವಾಗುವ ಸ್ಟ್ರಾಂಗಲ್ಸ್ ಸೋಂಕು ತಗುಲಿದ ಸುಮಾರು 3ರಿಂದ 14 ದಿನದಲ್ಲಿ ತೋರಿಕೊಳ್ಳುತ್ತದೆ. ಊತಕ್ಕಿಂತ ಮುಂಚೆ ಬರುವುದು ಜ್ವರ, ಹಾಗಾಗಿ ಥರ್ಮಾಮೀಟರು ನಿಮಗೆ ಒಂದೆರಡು ದಿನ ಮೊದಲೇ ಹೇಳುತ್ತದೆ. ಜಂತುಹುಳದ ಮದ್ದು ಕೊಟ್ಟು ಎರಡು ಮೂರು ದಿನ ಲಾಯದಲ್ಲೇ ಇಡಿ, ಬಿದ್ದ ಹುಳು ಮೊಟ್ಟೆ ನಿಮ್ಮ ಹುಲ್ಲುಗಾವಲಿಗೆ ಹೋಗದಿರಲಿ.

ಮಾರಿದವರಿಂದ ಒಂದು ವಾರಕ್ಕಾಗುವಷ್ಟು ಅವರದೇ ಮೇವು ತನ್ನಿ. ಮೊದಲ ದಿನ ಪೂರ್ತಿ ಅದೇ, ಆಮೇಲೆ ದಿನಕ್ಕಷ್ಟು ನಿಮ್ಮದನ್ನು ಬೆರೆಸುತ್ತ 7ರಿಂದ 14 ದಿನಕ್ಕೆ ಬದಲಾಯಿಸಿ. 200 ಕಿಲೋ ತಟ್ಟುವಿಗೆ ದಿನಕ್ಕೆ 3.5ರಿಂದ 4.5 ಕಿಲೋ ಒಣಹುಲ್ಲು ಬುಡ, ಅದನ್ನು ಮೂರು ನಾಲ್ಕು ಸಲ ಹಂಚಿ. ಹುರುಳಿಯ ಅಗತ್ಯ ಕೆಲಸಕ್ಕೆ ತಕ್ಕಂತೆ. ಮಕ್ಕಳು ವಾರಕ್ಕೆರಡು ಸಲ ಏರುವ ತಟ್ಟುವಿಗೆ ಬೇಡವೇ ಬೇಡ ಎನ್ನಬಹುದು. ಹಳೆಯದಕ್ಕೆ ಅಳೆದು ಹಾಕುತ್ತಿದ್ದ ಸೇರನ್ನೇ ಕೈ ಎತ್ತಿಕೊಳ್ಳುತ್ತದೆ, ಅದನ್ನು ಕಣ್ಣಿಗೆ ಬೀಳದಂತೆ ತೆಗೆದಿಡಿ.

ಉಳಿದ ಕುದುರೆಯ ಜೊತೆ ಕೂಡಿಸುವಾಗ ಮೊದಲು ಬೇಲಿಯಾಚೆಯಿಂದ ಕೆಲವು ದಿನ, ಆಮೇಲೆ ವಿಶಾಲ ಬಯಲಲ್ಲಿ, ಹಿಂಗಾಲಿನ ಲಾಳ ತೆಗೆಸಿ, ಮೂಲೆಗಳಿಲ್ಲದ ಕಡೆ ಬಿಡಿ. ಇಬ್ಬರಿಗೆ ಮೂರು ಗುಪ್ಪೆ ಹುಲ್ಲು, ದೂರ ದೂರ. ಕಿವಿ ಹಿಂದಕ್ಕೆ ಹಾಕಿ ಅಟ್ಟಾಡುವುದು, ಕೀರಲು ಕೂಗು ಸಹಜ. ಒಂದು ಇನ್ನೊಂದನ್ನು ಮೂಲೆಗೆ ಒತ್ತಿ ಒದೆಯುತ್ತಲೇ ಇದ್ದರೆ ಬಿಡಿಸಿ ಮತ್ತೆ ಬೇಲಿಗೆ ಹೋಗಿ.

ಮೊದಲ ಆರು ತಿಂಗಳು ಕುದುರೆಯ ಆಕಾರ ಬದಲಾಗುತ್ತಲೇ ಇರುತ್ತದೆ. ಬಡವಾಗಿ ಬಂದದ್ದರ ಬೆನ್ನು ತುಂಬುತ್ತದೆ, ಕೊಬ್ಬಿ ಬಂದದ್ದು ಇಳಿಯುತ್ತದೆ. ಲಾಳದವರು ಆರರಿಂದ ಎಂಟು ವಾರಕ್ಕೊಮ್ಮೆ ಬರುವ ದಿನವೇ ಟೇಪು ಹಿಡಿದು ಎದೆಯ ಸುತ್ತಳತೆಯನ್ನೂ ಬರೆದಿಡಿ. ಮೂರು ಸೆಂಟಿಮೀಟರಿನಷ್ಟು ಹೆಚ್ಚುಕಡಿಮೆಯಾದಾಗಲೆಲ್ಲ ಜೀನನ್ನು ಮತ್ತೆ ಬರೀ ಬೆನ್ನ ಮೇಲೆ ಇಟ್ಟು ನೋಡಬೇಕು, ಮೇವಿನ ಲೆಕ್ಕವನ್ನೂ ಹೊಸ ತೂಕಕ್ಕೆ ತಿದ್ದಬೇಕು.